ಈ ಪತ್ರಿಕೆ ಯಾರದು? – ಒಂಬತ್ತನೇ ತರಗತಿಯಲ್ಲಿ ನಡೆಸಿದ ಒಂದು ಪಾಠ

ಪೀಠಿಕೆ

ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತಾವಾಚನ ತಪ್ಪದೆ ನಡೆಯುತ್ತದೆ. ಒಬ್ಬ ವಿದ್ಯಾರ್ಥಿ ಮುಂದೆ ಬಂದು ‘ಇಂದಿನ ಪ್ರಮುಖ ಸುದ್ದಿಗಳು’ ಎಂದು ಐದಾರು ಶೀರ್ಷಿಕೆ ಓದಿ ಸಾಲಿಗೆ ಮರಳುತ್ತಾನೆ. ಓದಿದ್ದು ಯಾವ ಪತ್ರಿಕೆ, ಅದನ್ನು ನಡೆಸುವವರು ಯಾರು, ಆ ಸುದ್ದಿಗೆ ಹೊಣೆ ಯಾರು ಎಂದು ಯಾರೂ ಕೇಳುವುದಿಲ್ಲ. ಅದೇ ಮಕ್ಕಳು ಮನೆಯಲ್ಲಿ, ಬಸ್ಸಿನಲ್ಲಿ, ಟೀ ಅಂಗಡಿಯ ಮುಂದೆ ಕೇಳಿಸಿಕೊಳ್ಳುವ ಮಾತು ಬೇರೆ: ‘ಪೇಪರ್‌ನವರು ಎಲ್ಲಾ ದುಡ್ಡಿಗೆ ಬರೀತಾರೆ.’ ಬೆಳಿಗ್ಗೆ ಪೂರ್ತಿ ನಂಬಿಕೆ, ಸಂಜೆ ಪೂರ್ತಿ ಅಪನಂಬಿಕೆ. ಎರಡರಲ್ಲೂ ಪತ್ರಿಕೆಯನ್ನು ಓದಿ ತೂಗಿ ನೋಡುವ ಕೆಲಸ ನಡೆಯುವುದಿಲ್ಲ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಶಾಲಾ ಅನುಭವದ ಅವಧಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದಾಗ, ಒಂಬತ್ತನೇ ತರಗತಿಯ ಎರಡು ಅವಧಿಗಳು ಒಟ್ಟಿಗೆ ಸಿಕ್ಕವು. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಪತ್ರಿಕೆಯ ಒಡೆತನದ ಇತಿಹಾಸವನ್ನು ಸಮಾಜ ವಿಜ್ಞಾನ ಮತ್ತು ಗಣಿತ ಸೇರಿದ ಪಾಠವಾಗಿ ಸಿದ್ಧಪಡಿಸಿದೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ತಮ್ಮ ಶಾಲೆಗೆ ಹೊಂದಿಸಿಕೊಂಡು ಬಳಸಲಿ ಎಂದು ಆ ಪಾಠವನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇನೆ.

ಪಾಠದ ಉದ್ದೇಶಗಳು

ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು,
1. ಮುದ್ರಕ, ಪ್ರಕಾಶಕ, ಸಂಪಾದಕ, ಮಾಲೀಕ ಎಂಬ ನಾಲ್ಕು ಹೊಣೆಗಳನ್ನು ಬೇರ್ಪಡಿಸಿ ಗುರುತಿಸುವರು.
2. ಒಡೆತನದ ಐದು ಬಗೆಗಳಿಗೆ ಕನ್ನಡ ಪತ್ರಿಕೆಗಳ ಇತಿಹಾಸದಿಂದ ಉದಾಹರಣೆ ಕೊಡುವರು.
3. ಒಂದು ಪ್ರತಿಯ ಖರ್ಚು–ಆದಾಯದ ಲೆಕ್ಕ ಮಾಡಿ ಜಾಹೀರಾತಿನ ಪಾತ್ರವನ್ನು ವಿವರಿಸುವರು.
4. ಸುದ್ದಿಯ ಬಗ್ಗೆ ಅನುಮಾನ ಬಂದಾಗ ಅದನ್ನು ಪರೀಕ್ಷಿಸುವ ಕ್ರಮವನ್ನು ಬಳಸುವರು.

ಕಲಿಕೋಪಕರಣಗಳು

ಒಂದೇ ದಿನದ, ಬೇರೆ ಬೇರೆ ಹೆಸರಿನ ಮೂರು ನಾಲ್ಕು ಪತ್ರಿಕೆಗಳು, 2024ಕ್ಕಿಂತ ಹಿಂದಿನ ಯಾವುದಾದರೂ ವರ್ಷದ ಮಾರ್ಚ್ ಮೊದಲ ವಾರದ ಒಂದು ಹಳೆಯ ಪತ್ರಿಕೆ, ಗುಂಪಿಗೊಂದು ಅಳತೆಪಟ್ಟಿ. ಪತ್ರಿಕೆಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ಕೇಳಿ ತಂದೆ. ಆಂಧ್ರದ ಗಡಿಗೆ ಅಂಟಿದ ಹಳ್ಳಿಯ ಹುಡುಗಿಯೊಬ್ಬಳು ಮನೆಯಿಂದ ತೆಲುಗಿನ ‘ಈನಾಡು’ ತಂದಳು. ಲಿಪಿ ಓದಬಲ್ಲವರು ತರಗತಿಯಲ್ಲಿ ಇಬ್ಬರೇ ಇದ್ದರು. ಅವರು ಗಟ್ಟಿಯಾಗಿ ಓದಿದರೆ ಅರ್ಥವಾಗದವರು ಒಬ್ಬಿಬ್ಬರು ಮಾತ್ರ. ನಮ್ಮ ಜಿಲ್ಲೆಯಲ್ಲಿ ಈ ಅನುಕೂಲವನ್ನು ಬಿಡಬಾರದು.

ಹಂತ 1: ಪುಟದ ಕೆಳಗಿನ ಸಣ್ಣ ಅಕ್ಷರ

ಮೊದಲಿಗೆ ಸುದ್ದಿ ಓದಿಸಲಿಲ್ಲ. ಪತ್ರಿಕೆಯಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದ ಸಾಲು ಎಲ್ಲಿದೆ ಹುಡುಕಿ ಎಂದೆ. ಕೊನೆಯ ಪುಟದ ಅಡಿಯಲ್ಲಿ, ಕೆಲವದರಲ್ಲಿ ಒಳಪುಟದ ಅಡಿಯಲ್ಲಿ ಸಿಕ್ಕಿತು. ಇಂಥ ಕಂಪನಿಯ ಪರವಾಗಿ ಇಂಥವರು ಇಂಥ ಸ್ಥಳದಲ್ಲಿ ಮುದ್ರಿಸಿ ಪ್ರಕಟಿಸಿದ್ದಾರೆ, ಸಂಪಾದಕರು ಇಂಥವರು ಎಂಬ ಸಾಲು ಅದು. ಸಂಪಾದಕರ ಹೆಸರಿನ ಹತ್ತಿರ, ಸುದ್ದಿಗಳ ಆಯ್ಕೆಗೆ ಕಾಯ್ದೆಯ ಪ್ರಕಾರ ಇವರೇ ಜವಾಬ್ದಾರರು ಎಂಬ ಟಿಪ್ಪಣಿಯೂ ಇರುವುದುಂಟು.

ಈ ಸಾಲು ಬಂದದ್ದು ಬ್ರಿಟಿಷರ ಕಾಲದ ಕಾನೂನಿನಿಂದ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯ ಪ್ರಕಾರ ಪತ್ರಿಕೆ ಎಲ್ಲಿ ಅಚ್ಚಾಯಿತು, ಯಾರು ಅಚ್ಚು ಮಾಡಿದರು ಎಂದು ಪ್ರತಿಯಲ್ಲೇ ಹೇಳಬೇಕಿತ್ತು. ಆಗಿನ ಸರ್ಕಾರಕ್ಕೆ ಬೇಕಿದ್ದದ್ದು ತೊಂದರೆ ಬಂದರೆ ಯಾರನ್ನು ಹಿಡಿಯಬೇಕು ಎಂಬ ಮಾಹಿತಿ. ಸ್ವಾತಂತ್ರ್ಯದ ನಂತರ ಅದೇ ಸಾಲು ಓದುಗನ ಉಪಯೋಗಕ್ಕೂ ಬಂತು. 1952ರಲ್ಲಿ ನೇಮಕವಾದ ಮೊದಲ ಪತ್ರಿಕಾ ಆಯೋಗದ ಶಿಫಾರಸಿನಂತೆ 1956ರಲ್ಲಿ ಪತ್ರಿಕೆಗಳ ರಿಜಿಸ್ಟ್ರಾರ್ ಕಚೇರಿ ಆರಂಭವಾಯಿತು. ಅದೇ ವರ್ಷದ ನಿಯಮಗಳ ಪ್ರಕಾರ ಪ್ರತಿ ಪತ್ರಿಕೆಯೂ ವರ್ಷಕ್ಕೊಮ್ಮೆ, ಫೆಬ್ರುವರಿಯ ಕೊನೆಯ ದಿನ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ, ‘ನಮೂನೆ 4’ ಎಂಬ ಹೇಳಿಕೆ ಪ್ರಕಟಿಸಬೇಕಾಯಿತು. ಮಾಲೀಕರ ಹೆಸರು, ವಿಳಾಸ, ಒಟ್ಟು ಬಂಡವಾಳದಲ್ಲಿ ಶೇಕಡ ಒಂದಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಹಳೆಯ ಮಾರ್ಚ್ ಪತ್ರಿಕೆ ಬೇಕಾದದ್ದು ಇದಕ್ಕೆ. 1867ರ ಕಾಯ್ದೆಯ ಜಾಗಕ್ಕೆ ಈಗ 2023ರ ಹೊಸ ಕಾಯ್ದೆ ಬಂದಿದೆ. 2024ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ.

ನಾಲ್ಕು ಹೊಣೆಗಳನ್ನು ವಿವರಿಸಲು ನಮ್ಮ ಕಡೆಯ ಖಾಸಗಿ ಬಸ್ಸನ್ನು ಉದಾಹರಣೆ ತೆಗೆದುಕೊಂಡೆ. ಬಸ್ಸಿನ ಮೇಲೆ ಮಾಲೀಕರ ಹೆಸರು ಇರುತ್ತದೆ, ಆದರೆ ಅವರು ಬಸ್ಸಿನಲ್ಲಿ ಇರುವುದಿಲ್ಲ. ತಿರುವಿನಲ್ಲಿ ಬ್ರೇಕ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ಡ್ರೈವರ್. ಸಂಪಾದಕ ಡ್ರೈವರ್ ಇದ್ದ ಹಾಗೆ. ಆದರೆ ಯಾವ ಊರಿಗೆ ಬಸ್ ಹೋಗಬೇಕು, ಡ್ರೈವರ್ ಯಾರು ಇರಬೇಕು ಎಂಬುದು ಮಾಲೀಕರ ತೀರ್ಮಾನ. ‘ಹಂಗಾದ್ರೆ ಆಕ್ಸಿಡೆಂಟ್ ಆದ್ರೆ ಯಾರನ್ನ ಹಿಡೀತಾರೆ ಮಿಸ್?’ ಎಂದು ಒಬ್ಬ ಕೇಳಿದ. ಮೊದಲು ಡ್ರೈವರನ್ನು ಎಂದು ತರಗತಿಯೇ ಉತ್ತರ ಕೊಟ್ಟಿತು. ಸಂಪಾದಕನ ಹೆಸರು ಆ ಸಾಲಿನಲ್ಲಿ ಏಕಿದೆ ಎಂಬುದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಹಂತ 2: ಒಡೆತನದ ಐದು ಬಗೆಗಳು

ಮುಂದಿನ ಇಪ್ಪತ್ತು ನಿಮಿಷ ಕಥನ ವಿಧಾನ. ಕಪ್ಪುಹಲಗೆಯ ಮೇಲೆ ಅಡ್ಡಗೆರೆ ಎಳೆದು 1843ರಿಂದ ಇಂದಿನವರೆಗೆ ಕಾಲರೇಖೆ ಮಾಡಿಕೊಂಡೆ.

ಮೊದಲನೆಯದು, ಧಾರ್ಮಿಕ ಸಂಸ್ಥೆಯ ಒಡೆತನ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ನಡೆಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಣ, ತಿಂಗಳಿಗೆ ಎರಡು ಸಂಚಿಕೆ. ಮರುವರ್ಷ ಮುದ್ರಣ ಬಳ್ಳಾರಿಗೆ ಹೋಗಿ ಹೆಸರೂ ‘ಕಂನಡ ಸಮಾಚಾರ’ ಆಯಿತು. ಊರಿನ ಸುದ್ದಿ, ಸರ್ಕಾರದ ಕಾನೂನು, ಹೊರದೇಶದ ವಿಚಾರದ ಜೊತೆ ಮಿಷನ್ನಿನ ಧರ್ಮದ ವಿಚಾರವೂ ಅದರಲ್ಲಿತ್ತು. ಜುಲೈ 1ನ್ನು ನಾವು ಇಂದೂ ಪತ್ರಿಕಾ ದಿನವಾಗಿ ಆಚರಿಸುತ್ತೇವೆ.

ಎರಡನೆಯದು, ಸಂಪಾದಕನೇ ಮಾಲೀಕನಾಗಿರುವುದು. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ‘ವೃತ್ತಾಂತ ಚಿಂತಾಮಣಿ’ ಮೊದಲಾದ ಪತ್ರಿಕೆಗಳನ್ನು ನಡೆಸುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ನಿರ್ಬಂಧದ ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಹಿಂದಕ್ಕೂ ಪಡೆಯಬಹುದು. ತಾತಯ್ಯನವರು ಪ್ರತಿಭಟಿಸಿ ಪತ್ರಿಕೆಗಳನ್ನೇ ನಿಲ್ಲಿಸಿದರು. ತಾನೇ ಮಾಲೀಕನಾದವನು ಮಾತ್ರ ಹೀಗೆ ಒಂದೇ ದಿನದಲ್ಲಿ ತೀರ್ಮಾನ ಮಾಡಬಲ್ಲ.

ಇದೇ ಸಾಲಿನಲ್ಲಿ ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರು ಬರುತ್ತಾರೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ ದಾಟದೆ, ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗಿ ಪತ್ರಿಕೆಗಳಲ್ಲಿ ಕೆಲಸ ಕಲಿತವರು. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ವಾರಕ್ಕೆರಡು ಸಲ ಬರುತ್ತಿದ್ದ ಅದು 1920ರ ದಶಕದ ಆರಂಭದವರೆಗೆ ನಡೆಯಿತು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೂ ಬರೆದರು. ನಮ್ಮ ಮಕ್ಕಳಿಗೆ ಡಿವಿಜಿ ಎಂದರೆ ‘ಮಂಕುತಿಮ್ಮನ ಕಗ್ಗ’ ಮಾತ್ರ. ಅವರು ಪತ್ರಿಕೆ ನಡೆಸಿದವರು ಎಂದಾಗ, ಅದೂ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ ದಾಟದೆ ಇಂಗ್ಲಿಷ್ ಪತ್ರಿಕೆ ನಡೆಸಿದವರು ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ಈ ಬಗೆಯ ಒಡೆತನದ ಬಲ ಎಂದರೆ ಹೇಳುವವನೂ ಹೊಣೆ ಹೊರುವವನೂ ಒಬ್ಬನೇ. ದೌರ್ಬಲ್ಯವೂ ಅದೇ: ಅವನ ಕೈ ಸೋತರೆ ಪತ್ರಿಕೆಯೂ ನಿಲ್ಲುತ್ತದೆ.

ಮೂರನೆಯದು, ಟ್ರಸ್ಟಿನ ಒಡೆತನ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’ ಲೋಕಶಿಕ್ಷಣ ಟ್ರಸ್ಟಿಗೆ ಸೇರಿದ್ದು. 1933ರಲ್ಲಿ ಸ್ಥಾಪನೆಯಾದ ಈ ಟ್ರಸ್ಟಿನ ಹಿಂದೆ ಆರ್.ಆರ್. ದಿವಾಕರ್ ಅವರಂಥ ಸ್ವಾತಂತ್ರ್ಯ ಹೋರಾಟಗಾರರಿದ್ದರು. ಪತ್ರಿಕೆಯನ್ನು ಬಹುಕಾಲ ಮುನ್ನಡೆಸಿದವರು ಮೊಹರೆ ಹನುಮಂತರಾಯರು. ‘ಕರ್ಮವೀರ’, ‘ಕಸ್ತೂರಿ’ ಕೂಡ ಅದೇ ಟ್ರಸ್ಟಿನವು. ಟ್ರಸ್ಟಿನಲ್ಲಿ ಯಾರೊಬ್ಬರೂ ಲಾಭವನ್ನು ಮನೆಗೆ ಒಯ್ಯುವಂತಿಲ್ಲ. ಪತ್ರಿಕೆಯನ್ನು ಮಕ್ಕಳಿಗೆ ಆಸ್ತಿಯಾಗಿ ಬರೆದುಕೊಡುವಂತೆಯೂ ಇಲ್ಲ. ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಗೆ ಇದೇ ಉದ್ದೇಶದಿಂದ ಸ್ಕಾಟ್ ಟ್ರಸ್ಟ್ ಆದದ್ದು 1936ರಲ್ಲಿ; ನಮ್ಮದು ಅದಕ್ಕಿಂತ ಮೂರು ವರ್ಷ ಹಿಂದಿನದು. ಹಾಗೆಂದು ಟ್ರಸ್ಟ್ ರಾಜಕೀಯದಿಂದ ದೂರ ಎಂದು ಮಕ್ಕಳಿಗೆ ಹೇಳಬಾರದು. ದಿವಾಕರರು ಕಾಂಗ್ರೆಸ್ಸಿನ ನಾಯಕರು, ಮುಂದೆ ಬಿಹಾರದ ರಾಜ್ಯಪಾಲರಾದವರು.

ನಾಲ್ಕನೆಯದು, ಕುಟುಂಬದ ಕಂಪನಿ. ದೇಶ ಸ್ವತಂತ್ರವಾದ ಮರುವರ್ಷ, 1948ರಲ್ಲಿ, ಉದ್ಯಮಿ ಕೆ.ಎನ್. ಗುರುಸ್ವಾಮಿ ಬೆಂಗಳೂರಿನಲ್ಲಿ ಎರಡು ಪತ್ರಿಕೆಗಳನ್ನು ಆರಂಭಿಸಿದರು. ಜೂನ್ 17ರಂದು ಇಂಗ್ಲಿಷಿನ ‘ಡೆಕ್ಕನ್ ಹೆರಾಲ್ಡ್’, ಅಕ್ಟೋಬರ್ 15ರಂದು ‘ಪ್ರಜಾವಾಣಿ’. ಡೆಕ್ಕನ್ ಹೆರಾಲ್ಡಿನ ಮೊದಲ ಸಂಪಾದಕರು ಪೋತನ್ ಜೋಸೆಫ್, ಪ್ರಜಾವಾಣಿಯ ಮೊದಲ ಸಂಪಾದಕರು ಬಿ. ಪುಟ್ಟಸ್ವಾಮಯ್ಯ. ಮಾಲೀಕರು ಬೇರೆ, ಸಂಪಾದಕರು ಬೇರೆ ಎಂಬ ಏರ್ಪಾಡನ್ನು ಇಲ್ಲಿ ಸ್ಪಷ್ಟವಾಗಿ ತೋರಿಸಬಹುದು. ಕಂಪನಿಯ ಹೆಸರು ದಿ ಪ್ರಿಂಟರ್ಸ್ (ಮೈಸೂರು) ಪ್ರೈವೇಟ್ ಲಿಮಿಟೆಡ್. 1965ರಲ್ಲಿ ‘ಸುಧಾ’ ವಾರಪತ್ರಿಕೆ, 1968ರಲ್ಲಿ ‘ಮಯೂರ’ ಮಾಸಪತ್ರಿಕೆ ಇದೇ ಮನೆಯಿಂದ ಬಂದವು. ಎಪ್ಪತ್ತೈದು ವರ್ಷ ದಾಟಿದ ಮೇಲೂ ಅದು ಸ್ಥಾಪಕರ ಕುಟುಂಬದ ಕೈಯಲ್ಲೇ ಇದೆ.

ಐದನೆಯದು, ದೊಡ್ಡ ಉದ್ಯಮ ಸಮೂಹದ ಒಡೆತನ. ಇಲ್ಲಿ ಪತ್ರಿಕೆ ಕೈ ಬದಲಾಯಿಸುತ್ತದೆ. ‘ಕನ್ನಡಪ್ರಭ’ 1967ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದಿಂದ ಹೊರಟಿತು. ಇಂದು ಸುವರ್ಣ ನ್ಯೂಸ್ ವಾಹಿನಿಯ ಬಳಗದ ಜೊತೆಗಿದೆ. 1999ರಲ್ಲಿ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ್ ‘ವಿಜಯ ಕರ್ನಾಟಕ’ ಆರಂಭಿಸಿದರು. ಆಗ ಅವರು ಧಾರವಾಡ ಉತ್ತರ ಕ್ಷೇತ್ರದ ಲೋಕಸಭಾ ಸದಸ್ಯರೂ ಹೌದು. ಕಡಿಮೆ ಬೆಲೆ, ಹಲವು ಊರುಗಳಿಂದ ಮುದ್ರಣ – ಇದರಿಂದ ಕೆಲವೇ ವರ್ಷಗಳಲ್ಲಿ ಪತ್ರಿಕೆ ಬಹಳ ಬೆಳೆಯಿತು. 2006ರಲ್ಲಿ ಟೈಮ್ಸ್ ಆಫ್ ಇಂಡಿಯಾ ನಡೆಸುವ ಟೈಮ್ಸ್ ಬಳಗ ಅದನ್ನು ಕೊಂಡಿತು. ಸಂಕೇಶ್ವರರು 2012ರಲ್ಲಿ ‘ವಿಜಯವಾಣಿ’ ಎಂಬ ಇನ್ನೊಂದು ದಿನಪತ್ರಿಕೆ ತಂದರು.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ ಎಂದು ತೋರಿಸಲು ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಕಥೆ ಹೇಳಿದೆ. 1877ರಲ್ಲಿ ಹುಟ್ಟಿದ ಆ ಪತ್ರಿಕೆ ಸಾಲದಲ್ಲಿ ಮುಳುಗಿ 1933ರಲ್ಲಿ ಹರಾಜಿಗೆ ಬಂತು. ಯೂಜೀನ್ ಮೇಯರ್ ಎಂಬ ಸಾಹುಕಾರ 8,25,000 ಡಾಲರಿಗೆ ಕೊಂಡ. ಅವನ ಮಗಳು ಕ್ಯಾಥರೀನ್ ಗ್ರಹಾಂ ಕಾಲದಲ್ಲಿ ಅದೇ ಪತ್ರಿಕೆ ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆಯಿತು. 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. 2013ರಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 25 ಕೋಟಿ ಡಾಲರಿಗೆ ಪತ್ರಿಕೆಯನ್ನು ಕೊಂಡರು. 2024ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ, ಯಾವ ಅಭ್ಯರ್ಥಿಗೂ ಬೆಂಬಲ ಸೂಚಿಸುವ ಸಂಪಾದಕೀಯ ಬೇಡ ಎಂಬ ತೀರ್ಮಾನ ಹೊರಬಿತ್ತು. ಅದನ್ನು ಸಮರ್ಥಿಸಿ ಬೆಜೋಸ್ ತಮ್ಮ ಹೆಸರಿನಲ್ಲೇ ಲೇಖನ ಬರೆದರು. ಬಹಳಷ್ಟು ಓದುಗರು ಚಂದಾ ಬಿಟ್ಟರು. ಮಾಲೀಕ ಒಬ್ಬ ಸಾಹುಕಾರ ಎಂಬ ಒಂದೇ ಸಂಗತಿಯಿಂದ ಪತ್ರಿಕೆ ಧೈರ್ಯದ್ದೋ ಅಳುಕಿನದ್ದೋ ಎಂದು ಹೇಳಲಾಗದು ಎಂಬುದಕ್ಕೆ ಒಂದೇ ಪತ್ರಿಕೆಯ ಈ ಎರಡು ಘಟನೆ ಸಾಕು.

ಹಂತ 3: ಒಂದು ಪ್ರತಿಯ ಲೆಕ್ಕ

ಇಲ್ಲಿಂದ ಗಣಿತ. ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆಗಳು ಎಂದು ಮೊದಲೇ ಹೇಳಿ ಹಲಗೆಯ ಮೇಲೆ ಹೀಗೆ ಬರೆದೆ:

ಕಾಗದ, ಶಾಯಿ, ಮುದ್ರಣ, ಸಂಬಳ, ಸಾಗಣೆ ಸೇರಿ ಒಂದು ಪ್ರತಿಯ ಖರ್ಚು – 16 ರೂ.
ಓದುಗ ಕೊಡುವ ಬೆಲೆ – 6 ರೂ.
ಏಜೆಂಟರು ಮತ್ತು ಮನೆಗೆ ಹಾಕುವ ಹುಡುಗರ ಪಾಲು – 2 ರೂ.
ಪತ್ರಿಕೆಗೆ ಸೇರುವುದು – 4 ರೂ.
ಪ್ರತಿಯೊಂದಕ್ಕೆ ಕೊರತೆ – 12 ರೂ.

ಒಂದು ಲಕ್ಷ ಪ್ರತಿ ಮಾರಿದರೆ ದಿನಕ್ಕೆ ಕೊರತೆ ಎಷ್ಟು? ಹನ್ನೆರಡು ಲಕ್ಷ. ಎರಡು ಲಕ್ಷ ಮಾರಿದರೆ? ಇಪ್ಪತ್ತನಾಲ್ಕು ಲಕ್ಷ. ‘ಅಂಗಡಿಯಲ್ಲಿ ಜಾಸ್ತಿ ಮಾರಿದ್ರೆ ಲಾಭ. ಇಲ್ಲಿ ಜಾಸ್ತಿ ಮಾರಿದಷ್ಟೂ ಜಾಸ್ತಿ ಲಾಸ್!’ ಎಂದು ಕಿರಾಣಿ ಅಂಗಡಿಯವರ ಮಗಳು ಹೇಳಿದಳು. ನನಗೆ ಬೇಕಿದ್ದ ವಾಕ್ಯ ಅದೇ. ಈ ಕೊರತೆಯನ್ನು ತುಂಬುವುದು ಜಾಹೀರಾತು. ಪ್ರತಿಗಳ ಸಂಖ್ಯೆ x ಆದರೆ ಜಾಹೀರಾತಿನ ಆದಾಯ ಕನಿಷ್ಠ 12x ಇರಬೇಕು ಎಂಬ ರೇಖಾತ್ಮಕ ಸಂಬಂಧವನ್ನು ಅವರೇ ಬರೆದರು.

ಆಮೇಲೆ ಗುಂಪು ಚಟುವಟಿಕೆ. ಪ್ರತಿ ಗುಂಪು ಒಂದು ಪುಟದಲ್ಲಿ ಜಾಹೀರಾತಿನ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಅಳೆದು, ಪುಟದ ವಿಸ್ತೀರ್ಣಕ್ಕೆ ಶೇಕಡವಾರು ಕಂಡುಹಿಡಿಯಬೇಕು. ಜೊತೆಗೆ ಜಾಹೀರಾತು ಯಾರದು ಎಂದು ಪಟ್ಟಿ ಮಾಡಬೇಕು: ಸರ್ಕಾರ, ಆಭರಣದ ಅಂಗಡಿ, ನಿವೇಶನ, ಕಾಲೇಜು, ಶ್ರದ್ಧಾಂಜಲಿ. ಜಿಲ್ಲಾ ಮಟ್ಟದ ನಾಲ್ಕು ಪುಟದ ಪತ್ರಿಕೆ ಸಿಕ್ಕ ಗುಂಪಿನ ಪಟ್ಟಿಯಲ್ಲಿ ಟೆಂಡರ್ ಪ್ರಕಟಣೆ, ನಾಯಕರ ಹುಟ್ಟುಹಬ್ಬದ ಶುಭಾಶಯಗಳೇ ಹೆಚ್ಚು. ಮಾಲೀಕ ಒಬ್ಬನಾದರೂ ಹಣ ಕೊಡುವವರು ಹಲವರು. ಪತ್ರಿಕೆಯನ್ನು ಎಳೆಯುವ ಕೈ ಮಾಲೀಕನದ್ದು ಮಾತ್ರವಲ್ಲ ಎಂಬುದು ಈ ಪಟ್ಟಿಯಿಂದ ತಾನಾಗಿ ಹೊರಬಂತು.

ಬೇರೆ ದಾರಿ ಇಲ್ಲವೇ ಎಂಬ ಪ್ರಶ್ನೆಗೆ ‘ಲಂಕೇಶ್ ಪತ್ರಿಕೆ’ಯ ಉದಾಹರಣೆ ಕೊಡಬಹುದು. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ಆ ವಾರಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ಓದುಗರು ಕೊಟ್ಟ ಬೆಲೆಯಿಂದಲೇ ನಡೆಯಿತು. ನಮ್ಮ ಲೆಕ್ಕದಲ್ಲಿ ಅದರ ಅರ್ಥ ಏನು? ಓದುಗನೇ ಪೂರ್ತಿ ಖರ್ಚು ಕೊಡಬೇಕು, ಇಲ್ಲವೇ ಪುಟ ಕಡಿಮೆ ಮಾಡಿ ಖರ್ಚನ್ನು ಇಳಿಸಬೇಕು.

ಹಂತ 4: ಟೊಮೆಟೊ ದರದ ಪ್ರಶ್ನೆ

ಇಷ್ಟು ಆದಮೇಲೆ ತರಗತಿ ಒಂದು ತೀರ್ಮಾನಕ್ಕೆ ಬಂದಂತಿತ್ತು: ಮಾಲೀಕ ಹೇಳಿದ್ದೇ ಸುದ್ದಿ. ಆಗ ಒಬ್ಬ ಹುಡುಗ ಎದ್ದು ನಿಂತ. ಅವರ ಮನೆಯಲ್ಲಿ ಟೊಮೆಟೊ ಬೆಳೆ. ಮಾಲು ಹೋಗುವುದು ಕೋಲಾರದ ಎಪಿಎಂಸಿಗೆ. ‘ಹೋದ ವಾರ ಪೇಪರ್‌ನಲ್ಲಿ ಬಾಕ್ಸ್‌ಗೆ ಆರ್ನೂರು ಅಂತ ಹಾಕಿದ್ರು ಮಿಸ್. ನಮ್ಮಪ್ಪಂಗೆ ಬಂದಿದ್ದು ಮುನ್ನೂರೈವತ್ತು. ಪೇಪರ್ ಮಾಲೀಕ್ರು ಮಂಡಿಯವ್ರ ಕಡೆ ಅವ್ರೆ.’ ಸ್ವಲ್ಪ ತಡೆದು, ತಲೆ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ: ಪೇಪರ್ ಓದಿದ ಚಿಕ್ಕಪ್ಪ, ಉಳಿದ ದುಡ್ಡು ಎಲ್ಲಿ ಹೋಯಿತು ಎಂದು ಅಪ್ಪನನ್ನು ಕೇಳಿದನಂತೆ.

ಇಡೀ ತರಗತಿ ಹುಡುಗನ ಪರ. ನಾನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ವಿಜ್ಞಾನದ ತರಗತಿಯಲ್ಲಿ ಒಂದು ಊಹೆ ಬಂದರೆ ಏನು ಮಾಡುತ್ತೇವೆ ಎಂದು ಕೇಳಿದೆ. ಪರೀಕ್ಷೆ ಮಾಡುತ್ತೇವೆ ಎಂದರು. ‘ಮಾಲೀಕರು ಬೇಕೆಂದೇ ತಪ್ಪು ದರ ಹಾಕಿಸಿದ್ದಾರೆ’ ಎಂಬುದನ್ನು ಊಹೆ ಎಂದು ಹಲಗೆಯ ಮೇಲೆ ಬರೆದೆವು. ಅದು ನಿಜವಾಗಿದ್ದರೆ ಬೇರೆ ಮಾಲೀಕರ ಪತ್ರಿಕೆಯಲ್ಲಿ ಬೇರೆ ದರ ಇರಬೇಕು. ಗ್ರಂಥಾಲಯದ ಕಟ್ಟಿನಲ್ಲಿ ಆ ದಿನದ ಮೂರು ಪತ್ರಿಕೆಗಳು ಸಿಕ್ಕವು. ಎರಡರ ಶೀರ್ಷಿಕೆಯಲ್ಲಿ 600. ಮೂರನೆಯದರ ಮಾರುಕಟ್ಟೆ ಪಟ್ಟಿಯಲ್ಲಿ 15 ಕಿಲೋ ಬಾಕ್ಸಿಗೆ ಕನಿಷ್ಠ 200, ಗರಿಷ್ಠ 600. ಹುಡುಗನೇ ಮೊದಲ ಪತ್ರಿಕೆಯ ಸುದ್ದಿಯನ್ನು ಪೂರ್ತಿ ಓದಿದ. ಶೀರ್ಷಿಕೆಯಲ್ಲಿ ಇಲ್ಲದ ‘ಗರಿಷ್ಠ’ ಎಂಬ ಪದ ಒಳಗೆ ಎರಡನೇ ವಾಕ್ಯದಲ್ಲಿ ಇತ್ತು.

ಆಗ ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಣ ಇರುವುದನ್ನು ವಿವರಿಸಿದೆ. ಮಾದರಿ ದರ ಎಂದರೆ ಹೆಚ್ಚು ಮಾಲು ಮಾರಾಟವಾದ ದರ. ಇದು ನಮ್ಮ ಸಂಖ್ಯಾಶಾಸ್ತ್ರ ಪಾಠದ ಬಹುಲಕವೇ. ಶೀರ್ಷಿಕೆಗೆ ಗರಿಷ್ಠ ದರ ಹಾಕಿದರೆ ಅದು ಸುಳ್ಳಲ್ಲ, ಆದರೆ ಬಹುಪಾಲು ರೈತರಿಗೆ ಸಿಕ್ಕ ದರವೂ ಅಲ್ಲ. ಅಪ್ಪನ ಮುನ್ನೂರೈವತ್ತು 200 ಮತ್ತು 600ರ ನಡುವೆಯೇ ಇದೆ. ಹುಡುಗ ಮೂರನೇ ಪತ್ರಿಕೆಯ ಆ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಚಿಕ್ಕಪ್ಪನಿಗೆ ತೋರಿಸುತ್ತೇನೆ ಎಂದ.

ಪಾಠದ ಮುಖ್ಯ ವಿಷಯವನ್ನು ಹೇಳಲು ಇದೇ ಸರಿಯಾದ ಸಮಯ. ಈ ಪ್ರಸಂಗದಲ್ಲಿ ಮಾಲೀಕರ ಕೈವಾಡ ಕಾಣಲಿಲ್ಲ. ಹಾಗಾದರೆ ಮಾಲೀಕರು ಯಾರೆಂದು ತಿಳಿದು ಏನು ಪ್ರಯೋಜನ? ಪ್ರಯೋಜನ ಇದೆ, ಅದನ್ನು ಥರ್ಮಾಮೀಟರ್ ಉದಾಹರಣೆಯಿಂದ ವಿವರಿಸಿದೆ. ಜ್ವರ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಅದೇ ಥರ್ಮಾಮೀಟರಿನಲ್ಲಿ ಎರಡು ಸಲ ನೋಡಿದರೆ ಸಾಲದು. ಅದೇ ಕೆಟ್ಟಿದ್ದರೆ ಎರಡು ಸಲವೂ ತಪ್ಪು ತೋರಿಸುತ್ತದೆ. ಇನ್ನೊಂದು ಥರ್ಮಾಮೀಟರ್ ಬೇಕು. ಪತ್ರಿಕೆಯಲ್ಲೂ ಹಾಗೆಯೇ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಕಂಪನಿಯವು. ವಿಜಯ ಕರ್ನಾಟಕ ಮತ್ತು ಟೈಮ್ಸ್ ಆಫ್ ಇಂಡಿಯಾ ಒಂದೇ ಬಳಗದವು. ಒಂದೇ ಮನೆಯ ಎರಡು ಪತ್ರಿಕೆ ಒಂದೇ ಮಾತು ಹೇಳಿದರೆ ಅದನ್ನು ಎರಡು ಪ್ರತ್ಯೇಕ ಸಾಕ್ಷಿ ಎಂದು ಎಣಿಸುವಾಗ ಎಚ್ಚರ ಬೇಕು. ಬೇರೆ ಬೇರೆ ಮಾಲೀಕರ ಪತ್ರಿಕೆಗಳೂ ಒಂದೇ ಸುದ್ದಿಸಂಸ್ಥೆ ಕಳಿಸಿದ ವರದಿಯನ್ನು ಹಾಕಿದ್ದರೆ ಅದೂ ಒಂದೇ ಸಾಕ್ಷಿ. ಒಡೆತನ ತಿಳಿದವನಿಗೆ ತನ್ನ ಕೈಯಲ್ಲಿರುವ ಸಾಕ್ಷಿಗಳು ಎಷ್ಟು ಎಂದು ಎಣಿಸಲು ಬರುತ್ತದೆ. ಸುದ್ದಿ ಸರಿಯೋ ತಪ್ಪೋ ಎಂಬುದನ್ನು ಆ ಸಾಕ್ಷಿಗಳನ್ನು ನೋಡಿಯೇ ಹೇಳಬೇಕು.

ಮಾಲೀಕರ ಪ್ರಭಾವವನ್ನು ಹುಡುಕಬೇಕಾದ ಜಾಗಗಳನ್ನೂ ಪಟ್ಟಿ ಮಾಡಿದೆವು: ಸಂಪಾದಕೀಯ ಪುಟ, ಮಾಲೀಕರ ಬೇರೆ ಉದ್ಯಮಗಳ ಸುದ್ದಿ, ಬೇರೆಲ್ಲ ಪತ್ರಿಕೆಗಳಲ್ಲಿ ಬಂದು ಒಂದರಲ್ಲಿ ಮಾತ್ರ ಬಾರದ ಸುದ್ದಿ. ಮೂರನೆಯದು ಮಕ್ಕಳಿಗೆ ಹೊಸದು. ಇರುವುದನ್ನು ಓದುವುದು ಅಭ್ಯಾಸ, ಇಲ್ಲದಿರುವುದನ್ನು ಗಮನಿಸಲು ಎರಡು ಪತ್ರಿಕೆ ಪಕ್ಕಪಕ್ಕ ಇಟ್ಟುಕೊಳ್ಳಲೇಬೇಕು.

ಮೌಲ್ಯಮಾಪನ

1. ಕೊಟ್ಟಿರುವ ಪತ್ರಿಕೆಯಲ್ಲಿ ಮಾಲೀಕ ಸಂಸ್ಥೆ ಮತ್ತು ಸಂಪಾದಕರ ಹೆಸರನ್ನು ಗುರುತಿಸಿ.
2. ಟ್ರಸ್ಟಿನ ಒಡೆತನಕ್ಕೂ ಕುಟುಂಬದ ಕಂಪನಿಗೂ ಇರುವ ಎರಡು ವ್ಯತ್ಯಾಸ ತಿಳಿಸಿ.
3. 1908ರ ಮೈಸೂರು ಪತ್ರಿಕಾ ಕಾನೂನನ್ನು ತಾತಯ್ಯನವರು ಏಕೆ ವಿರೋಧಿಸಿದರು?
4. ಪ್ರತಿಯ ಖರ್ಚು 14 ರೂ., ಪತ್ರಿಕೆಗೆ ಸೇರುವುದು 5 ರೂ., ಪ್ರತಿಗಳು 40,000. ಜಾಹೀರಾತಿನಿಂದ ದಿನಕ್ಕೆ ಕನಿಷ್ಠ ಎಷ್ಟು ಬರಬೇಕು?
5. ಒಂದೇ ಬಳಗದ ಎರಡು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಬಂದಿದೆ. ಇದನ್ನು ಎರಡು ಸಾಕ್ಷಿ ಎನ್ನಬಹುದೇ? ಕಾರಣ ಕೊಡಿ.

ನಾಲ್ಕನೆಯದಕ್ಕೆ ಹೆಚ್ಚಿನವರು 3,60,000 ಎಂದು ಸರಿಯಾಗಿ ಬರೆದರು. ಐದನೆಯದಕ್ಕೆ ಬಂದ ಒಂದು ಉತ್ತರ ಹೀಗಿತ್ತು: ‘ಅಕ್ಕ ತಂಗಿ ಇಬ್ಬರೂ ಒಂದೇ ಮಾತು ಹೇಳಿದರೆ ಅಮ್ಮ ನಂಬಲ್ಲ, ಪಕ್ಕದ ಮನೆಯವರನ್ನ ಕೇಳ್ತಾರೆ.’ ಪೂರ್ಣ ಅಂಕ ಕೊಟ್ಟೆ.

ಗೃಹಕಾರ್ಯ: ನಿಮ್ಮ ಊರಿಗೆ ಬರುವ ಪತ್ರಿಕೆಗಳ ಹೆಸರು ಬರೆದು, ಪ್ರತಿಯೊಂದರ ಮಾಲೀಕ ಸಂಸ್ಥೆಯನ್ನು ಪತ್ರಿಕೆಯಿಂದಲೇ ಕಂಡುಹಿಡಿದು ಕೋಷ್ಟಕ ಮಾಡಿ.

ಸಹಪ್ರಶಿಕ್ಷಣಾರ್ಥಿಗಳಿಗೆ

ನಮ್ಮ ತಂಡದವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಕಡೆಯ ಶಾಲೆಗಳಿಗೆ ಹೋಗುತ್ತಾರೆ. ಪಾಠದ ಚೌಕಟ್ಟು ಒಂದೇ ಇರಲಿ, ಉದಾಹರಣೆ ಆಯಾ ಊರಿನದಾಗಲಿ. ಮುಳಬಾಗಿಲಿಗೆ ಡಿವಿಜಿ ಇದ್ದಂತೆ ಮಾಲೂರಿಗೆ ಮಾಸ್ತಿ ಇದ್ದಾರೆ. ಅವರು 1944ರಿಂದ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿ ದೀರ್ಘಕಾಲ ದುಡಿದವರು. ಶ್ರೀನಿವಾಸಪುರದಲ್ಲಿ ಟೊಮೆಟೊ ಬದಲು ಮಾವಿನ ದರ ತೆಗೆದುಕೊಳ್ಳಿ. ತಳಿಗೊಂದು ದರ ಇರುವುದರಿಂದ ಅಲ್ಲಿ ಗರಿಷ್ಠ, ಕನಿಷ್ಠದ ಅಂತರದ ಲೆಕ್ಕ ಇನ್ನೂ ಚೆನ್ನಾಗಿ ಬರುತ್ತದೆ.

ಎರಡು ಅವಧಿ, ಅಂದರೆ ಎಂಬತ್ತು ನಿಮಿಷ ಬೇಕು. ಒಂದೇ ಅವಧಿ ಸಿಕ್ಕರೆ ಎರಡನೇ ಹಂತವನ್ನು ಮೂರು ಬಗೆಗೆ ಇಳಿಸಿ, ನಾಲ್ಕನೇ ಹಂತವನ್ನು ಮಾತ್ರ ಬಿಡಬೇಡಿ. ಅದನ್ನು ಬಿಟ್ಟರೆ ಮಕ್ಕಳು ಎಲ್ಲ ಸುದ್ದಿಯೂ ಮಾಲೀಕರ ಆಟ ಎಂಬ ತೀರ್ಮಾನದೊಂದಿಗೆ ಮನೆಗೆ ಹೋಗುತ್ತಾರೆ. ಪಾಠದಿಂದ ಆಗಬೇಕಾದದ್ದಕ್ಕೆ ಅದು ನೇರ ವಿರುದ್ಧ. ಪಕ್ಷಗಳ ಹೆಸರು ಬಂದಾಗ ಎಲ್ಲ ಕಡೆಯ ಉದಾಹರಣೆಯನ್ನೂ ಸಮವಾಗಿ ಕೊಡಿ, ನಿಮ್ಮ ಒಲವು ತರಗತಿಗೆ ಬರುವುದು ಬೇಡ.

‘ಹಾಗಾದ್ರೆ ಯಾವ ಪೇಪರ್ ಒಳ್ಳೇದು ಮಿಸ್?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನನಗೂ ಬಂತು. ಹೆಸರು ಹೇಳಲಿಲ್ಲ. ಗ್ರಂಥಾಲಯಕ್ಕೆ ಹೋದಾಗ ಬೇರೆ ಬೇರೆ ಮಾಲೀಕರ ಎರಡು ಪತ್ರಿಕೆ ತೆಗೆದುಕೊಳ್ಳಿ, ಮೊದಲು ಕೆಳಗಿನ ಸಣ್ಣ ಅಕ್ಷರದ ಸಾಲು ನೋಡಿ, ಆಮೇಲೆ ಮೇಲಿನ ದೊಡ್ಡ ಅಕ್ಷರ ಓದಿ ಎಂದೆ.